ಸ್ಟ್ಯಾಂಡ್ ಖಾಲಿ, ಕಂಬದ ತುಂಬ ಸೈಕಲ್

ಪ್ರಶ್ನೆ: ನಮ್ಮ ಬೀದಿಯ ತಿರುವಿನಾಚೆ 20 ಸೈಕಲ್ ಹಿಡಿಸುವ ಸ್ಟ್ಯಾಂಡ್ ಹಾಕಿಸಿದ್ದಾರೆ. ಅದು ಸದಾ ಖಾಲಿ. ಸೈಕಲ್‌ಗಳೆಲ್ಲ ಗ್ರಂಥಾಲಯದ ಮುಂದಿನ ದೀಪದ ಕಂಬಕ್ಕೆ, ಬೇಲಿಗೆ ಬಿಗಿದಿರುತ್ತವೆ. ನಡೆಯಲು ಜಾಗವಿಲ್ಲ. ಜನರಿಗೆ ಶಿಸ್ತು ಕಲಿಸುವುದು ಹೇಗೆ?

ಉತ್ತರ: ಶಿಸ್ತಿನ ಮಾತು ಆಮೇಲಿರಲಿ. ಬೀದಿಗಳ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ನಾನೂ ಇಂಥದ್ದೇ ಒಂದು ಸ್ಟ್ಯಾಂಡ್ ಹಾಕಿಸಿದವನು. ಕಾಗದದ ಮೇಲೆ ಆ ಮೂಲೆ ಖಾಲಿ ಕಂಡಿತು, ಅಷ್ಟೇ ಕಾರಣ. ಅದೇಕೆ ಖಾಲಿ ಎಂದು ನಾನು ಕೇಳಿಕೊಳ್ಳಲಿಲ್ಲ. ಅತ್ತ ಯಾರಿಗೂ ಕೆಲಸವೇ ಇರಲಿಲ್ಲ!

ಕಂಬಕ್ಕೆ ಬಿಗಿದ ಆ ಸೈಕಲ್‌ಗಳನ್ನು ಬಯ್ಯಬೇಡಿ, ಎಣಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಎಣಿಸಿ ನಕ್ಷೆಯಲ್ಲಿ ಚುಕ್ಕಿ ಇಡಿ. ಸ್ಟ್ಯಾಂಡ್ ಎಲ್ಲಿ ಬೇಕೆಂದು ಚುಕ್ಕಿಗಳೇ ತೋರಿಸುತ್ತವೆ. ಪುಸ್ತಕ ಹಿಂತಿರುಗಿಸಲು ಬಂದವರು ಬಾಗಿಲಿನಿಂದ 20 ಮೀಟರ್ ಆಚೆ ಸೈಕಲ್ ಬಿಡಲು ಒಪ್ಪುವುದು ಕಷ್ಟ. ದಿನವಿಡೀ ಬಿಟ್ಟುಹೋಗುವವರು ಸ್ವಲ್ಪ ನಡೆದಾರು, ಆದರೆ ಅವರಿಗೆ ಸೂರು ಬೇಕು, ಓಡಾಡುವವರ ಕಣ್ಣೂ ಬೇಕು. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದಡಿ 12,500 ಸೈಕಲ್‌ಗಳ ತಾಣವಿದೆ, 2019ರಲ್ಲಿ ಪೂರ್ಣಗೊಂಡದ್ದು. ಅಲ್ಲಿ ಪೆಡಲ್ ತುಳಿಯುತ್ತಲೇ ಒಳಗೆ ಹೋಗಬಹುದು, ಅಲ್ಲಿಂದ ನೇರವಾಗಿ ರೈಲಿಗೆ. ಅಷ್ಟು ದೊಡ್ಡದಾದರೂ ಅದು ಕೆಲಸಕ್ಕೆ ಬರುವುದು ಹತ್ತಿರವಿರುವುದರಿಂದ.

ನಿಮ್ಮ ಬೀದಿಗೆ ಸೈಕಲ್ ಒರಗಿಸಿ ಬಿಗಿಯುವ ಕಮಾನುಗಳನ್ನು ಎರಡೆರಡು, ಮೂರುಮೂರರಂತೆ ಬಾಗಿಲುಗಳ ಬಳಿ ಹಂಚಿದರೆ ಸಾಕು. ಫುಟ್‌ಪಾತ್ ಕಿರಿದಾಗಿದ್ದರೆ ಅದನ್ನು ಮುಟ್ಟಬೇಡಿ. ಕಣ್ಣು ಕಾಣದವರ ಕೋಲಿಗೆ ಸೈಕಲ್ಲಿನ ಹ್ಯಾಂಡಲ್ ತಾಗುವುದಿಲ್ಲ, ಮೈಗೇ ತಾಗುತ್ತದೆ. ಕಮಾನುಗಳನ್ನು ರಸ್ತೆಗೆ ಇಳಿಸಿ. ಒಂದು ಕಾರು ನಿಲ್ಲುವಲ್ಲಿ ಎಂಟು-ಹತ್ತು ಸೈಕಲ್ ನಿಲ್ಲುತ್ತವೆ. ಅದರಲ್ಲೂ ಪಾದಚಾರಿಗಳು ದಾಟುವ ಪಟ್ಟೆಗೆ ಮುಂಚೆ, ವಾಹನ ಬರುವ ಕಡೆಯ ಜಾಗವೆಂದರೆ ನನಗೆ ಪ್ರೀತಿ. ಅಲ್ಲಿ ಕಾರು ನಿಂತರೆ ದಾಟಲು ಕಾದಿರುವ ಮಗು ಚಾಲಕನಿಗೆ ಕಾಣುವುದಿಲ್ಲ; ಸೈಕಲ್‌ಗಳ ಸಂದಿಯಲ್ಲಿ ಕಾಣುತ್ತದೆ.

ಕಮಾನು ತಲೆಕೆಳಗಾದ ‘ಯು’ ಆಕಾರದ ಗಟ್ಟಿ ಕೊಳವೆಯಾಗಿರಲಿ, ಒಂದಕ್ಕೊಂದು 1 ಮೀಟರ್ ಅಂತರವಿರಲಿ. ಮುಂಚಕ್ರವನ್ನಷ್ಟೇ ಸಿಕ್ಕಿಸುವ ಸ್ಟ್ಯಾಂಡ್ ಬೇಡವೇ ಬೇಡ. ಸೈಕಲ್ ವಾಲಿದರೆ ಚಕ್ರ ಸೊಟ್ಟಗಾಗುತ್ತದೆ; ಕಳ್ಳ ಬಂದರೆ ನಿಮಗೆ ಉಳಿಯುವುದೂ ಅದೇ ಚಕ್ರ.

ಇನ್ನೊಂದು ಮಾತು. ಮೊದಲ ಕೆಲವು ತಿಂಗಳು ಬೋಲ್ಟಿನಲ್ಲಿ ನಿಲ್ಲಿಸಿ ನೋಡಲು ಹೇಳಿ, ತಪ್ಪಿದ್ದರೆ ಬಿಚ್ಚಿ ಸರಿಸಬಹುದು. ನಾನು ಕಾಂಕ್ರೀಟಿನಲ್ಲಿ ಹೂಳಿಸಿದ್ದೆ. ಅದು ಇನ್ನೂ ಅಲ್ಲೇ ಇದೆ, ಖಾಲಿ.