ಹೆಸರಿಲ್ಲದ ಬಾಣಲೆಯ ಊರು ಯಾವುದು?

ಪ್ರಶ್ನೆ: ನಾವು ಅಮೆರಿಕದ ಓಹಿಯೋದಲ್ಲಿದ್ದೇವೆ. ಪಕ್ಕದ ಬೀದಿಯವರು ಹಳೆಯ ಸಾಮಾನು ಮಾರುವಾಗ ಹಿಡಿಯಿರುವ ಬೀಡು ಕಬ್ಬಿಣದ ಬಾಣಲೆಯೊಂದನ್ನು ಕೊಂಡೆ. ಕಂಪನಿಯ ಹೆಸರು ಎಲ್ಲಿಯೂ ಇಲ್ಲ. ಹಿಡಿಯ ಮೇಲೆ 8 ಎಂದಿದೆ. ತಳದ ಅಂಚಿಗೆ ಬಳೆಯಂತೆ ಉಬ್ಬಿದ ಏಣು, ಅದು ಮೂರು ಕಡೆ ತುಂಡಾಗಿದೆ. ತಳದಲ್ಲಿ ‘ಡಿ’ ಎಂಬ ಉಬ್ಬಕ್ಷರವೂ ಇದೆ. ‘ಅಂತರ್ಯುದ್ಧದ ಕಾಲದ್ದು, ಗ್ರಿಸ್‌ವೋಲ್ಡ್ ಕಂಪನಿಯದಿರಬೇಕು’ ಎಂದರು ಮಾರಿದವರು. ನಿಜವೇ? ದೋಸೆಗೆ ಬಳಸಬಹುದೇ?

ಉತ್ತರ: ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಪೆನ್ಸಿಲ್ವೇನಿಯಾದ ಈರಿಯಲ್ಲಿ ಗ್ರಿಸ್‌ವೋಲ್ಡ್ ವ್ಯಾಪಾರ ಶುರುವಾದದ್ದೂ ಅದೇ ವರ್ಷ, ಅದೂ ಬಾಗಿಲಿನ ಕೀಲುಗಳಿಂದ. ಮಾರಿದವರು ಒಂದೇ ಉಸಿರಿನಲ್ಲಿ ಎರಡು ಆಸೆ ಹುಟ್ಟಿಸಿದ್ದಾರೆ, ಅಷ್ಟೇ. ನಿಮ್ಮದು ಟೆನೆಸಿ ರಾಜ್ಯದ ಸೌತ್ ಪಿಟ್ಸ್‌ಬರ್ಗ್‌ನ ಲಾಡ್ಜ್ ಎರಕಶಾಲೆಯ ಬಾಣಲೆಯಂತೆ ಕಾಣುತ್ತದೆ.

ಗುಟ್ಟು ಇರುವುದು ಆ ಬಳೆಯಲ್ಲಿ. ಸೌದೆ ಒಲೆಯ ಮೇಲಿನ ದುಂಡು ಕಂಡಿಯಲ್ಲಿ ಪಾತ್ರೆ ಅಲುಗದೆ ಕೂರಲೆಂದು ಅದನ್ನು ಎರಕದಲ್ಲೇ ತರುತ್ತಿದ್ದರು. 8 ಎಂಬುದು ಆ ಕಂಡಿಯ ಸಂಖ್ಯೆ, ಅಂಗುಲವಲ್ಲ. ಬಾಯಿಯನ್ನು ಅಳೆದು ನೋಡಿ, ಸುಮಾರು ಹತ್ತೂವರೆ ಅಂಗುಲ ಬರುತ್ತದೆ. ಹಿಡಿಯನ್ನು ನಿಮ್ಮ ಕಡೆಗೆ ಹಿಡಿದರೆ ಎಡಕ್ಕೊಂದು, ಬಲಕ್ಕೊಂದು, ಎದುರಿಗೊಂದು ತುಂಡು ಕಾಣಬೇಕು. ಹಾಗಿದ್ದರೆ ಲಾಡ್ಜ್ ಎಂದು ಧೈರ್ಯವಾಗಿ ಹೇಳಬಹುದು. ಬಳೆ ಎಲ್ಲಿಯೂ ತುಂಡಾಗದೆ, ಸಂಖ್ಯೆ ಮತ್ತು ಅಕ್ಷರ ಒಳಕ್ಕೆ ಕೊರೆದಂತಿದ್ದರೆ ನಾನು ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸ್ಟೋವ್ ಆ್ಯಂಡ್ ರೇಂಜ್ ಕಂಪನಿಯ ಕಡೆಗೆ ಬೆರಳು ತೋರಿಸುತ್ತಿದ್ದೆ. ‘ಡಿ’ ಬಹುಮಟ್ಟಿಗೆ ಎರಕಶಾಲೆಯೊಳಗಿನ ಗುರುತು. ಅದರಿಂದ ವರ್ಷ ಸಿಗುವುದಿಲ್ಲ.

ವಯಸ್ಸಿಗೆ ಇಲ್ಲದಿರುವುದನ್ನು ಹುಡುಕಬೇಕು. ‘ಮೇಡ್ ಇನ್ ಯುಎಸ್‌ಎ’ ಎಂಬ ಬರಹ ಸಾಮಾನ್ಯವಾಗಿ 1960ರ ದಶಕದಿಂದ ಈಚಿನದು. ನಿಮ್ಮದರಲ್ಲಿ ಅದು ನಿಜಕ್ಕೂ ಇಲ್ಲವಾದರೆ 1940–50ರ ದಶಕದ್ದು ಎನ್ನುತ್ತೇನೆ. ನಿಜಕ್ಕೂ ಎಂದದ್ದು ಏಕೆಂದರೆ ದಶಕಗಳ ಜಿಡ್ಡು ಅಕ್ಷರಗಳನ್ನು ನುಂಗಿಬಿಡುತ್ತದೆ. ಶಾಸನದ ಅಚ್ಚು ತೆಗೆಯುವಂತೆ ತಳದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೂ ಆದೀತು.

ಅಂತರ್ಯುದ್ಧದ ಕಾಲದ್ದೇ ಆಗಿದ್ದರೆ ತಳದ ನಡುವೆ ಗಾಯದ ಕಲೆಯಂಥ ಉದ್ದನೆಯ ಗೆರೆ ಇರುತ್ತಿತ್ತು. ಕಾದ ಕಬ್ಬಿಣ ಅಚ್ಚಿನೊಳಕ್ಕೆ ಇಳಿದ ಜಾಗ ಅದು. ಆರಿದ ಮೇಲೆ ಮುರಿದು ಉಜ್ಜುತ್ತಿದ್ದರು. ಸುಮಾರು 1890ರ ಹೊತ್ತಿಗೆ ಈ ಪದ್ಧತಿ ಹಿಂದೆ ಸರಿಯಿತು. ಮೋಸದ ಮಾಲೂ ಉಂಟು. ಹಳೆಯ ಬಾಣಲೆಯನ್ನೇ ಮರಳಿಗೆ ಒತ್ತಿ ಹೊಸದನ್ನು ಎರೆದರೆ, ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಹತ್ತೂವರೆ ಅಂಗುಲದ ಬಾಯಿ ಎರಡೂವರೆ ಮಿಲಿಮೀಟರ್‌ನಷ್ಟು ಕಿರಿದಾಗುತ್ತದೆ, ಅಕ್ಷರಗಳು ಮಸುಕಾಗುತ್ತವೆ, ಮೈ ತರಿತರಿಯಾಗುತ್ತದೆ.

ಒಲೆಗೆ ಇಡುವ ಮುನ್ನ ಸೀಸ ಪತ್ತೆಹಚ್ಚುವ ಕಡ್ಡಿಯಿಂದ ಪರೀಕ್ಷಿಸಿ. ಅಲ್ಲಿ ಗುಂಡು, ಗಾಳದ ತೂಕ ಮಾಡಲು ಇಂಥ ಬಾಣಲೆಗಳಲ್ಲೇ ಸೀಸ ಕರಗಿಸುತ್ತಿದ್ದರು. ಸೀಸದ ಗುರುತು ಕಂಡರೆ ಬಾಣಲೆಯನ್ನು ಅಡುಗೆಮನೆಯಿಂದ ಹೊರಗಿಡಿ, ಉಜ್ಜಿ ತೊಳೆದು ಸರಿಪಡಿಸುವ ಆಸೆ ಬೇಡ. ಜಿಡ್ಡು ತೆಗೆಯಲೆಂದು ಕೆಂಡಕ್ಕೆ ಹಾಕಬೇಡಿ. ನಾನೊಮ್ಮೆ ಹಾಕಿ, ಸೊಟ್ಟ ತಳದ ಕೆಂಚು ಬಾಣಲೆಯೊಂದನ್ನು ಹೊರತೆಗೆದಿದ್ದೇನೆ. ಎಣ್ಣೆ ಆಮೇಲೆ ಅದರ ಮೇಲೆ ನಿಲ್ಲಲೇ ಇಲ್ಲ.

ಇನ್ನು ದೋಸೆ. ಎರಡು ಅಂಗುಲದ ಗೋಡೆಗೆ ಮಗುಚುವ ಕೈ ತಗಲುತ್ತದೆ. ತೆಳು ದೋಸೆ ಎಬ್ಬಿಸುವುದು ಹಿಂಸೆ. ತಣ್ಣನೆಯ ಬಾಣಲೆಗೆ ಎಣ್ಣೆ ಸವರಿ, ಅಕ್ಕಿ ರೊಟ್ಟಿಯನ್ನು ಗೋಡೆಯವರೆಗೂ ತಟ್ಟಿ, ಮುಚ್ಚಳ ಮುಚ್ಚಿ ಬೇಯಿಸಿ ನೋಡಿ.