ಓದುಗರ ಪ್ರಶ್ನೆ: ರಟ್ಟಿನ ಆನೆ ಮುಗ್ಗರಿಸುವುದೇಕೆ?

ಪ್ರಶ್ನೆ: ಪಾರ್ಸೆಲ್ ಡಬ್ಬದ ದಪ್ಪ ರಟ್ಟಿನಿಂದ ಮಗಳ ಜೊತೆ ಸೇರಿ ಆನೆ ಮಾಡಿದೆವು. ಒಂದೇ ದಿನದಲ್ಲಿ ಕಾಲು ಮಡಚಿಕೊಂಡು ಮುಂದಕ್ಕೆ ಬಿತ್ತು. ಅಂಟು ಸಾಲಲಿಲ್ಲವೇ?

ಉತ್ತರ: ಅಂಟಿನ ತಪ್ಪಲ್ಲ. ರಟ್ಟಿನ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎರಡು ಹಾಳೆಗಳ ನಡುವೆ ಅಲೆಅಲೆಯಾದ ಕಾಗದವಿದ್ದು, ಸಾಲಾಗಿ ಸಣ್ಣ ಕೊಳವೆಗಳಾಗಿರುತ್ತವೆ. ಕಾಲಿನಲ್ಲಿ ಈ ಕೊಳವೆಗಳು ಮೇಲಿಂದ ಕೆಳಕ್ಕೆ ಇಳಿಯಬೇಕು. ಅಡ್ಡಡ್ಡಲಾಗಿದ್ದರೆ ಭಾರ ಬಿದ್ದೊಡನೆ ಆ ಗೆರೆಯಲ್ಲೇ ರಟ್ಟು ಮಡಚಿಕೊಳ್ಳುತ್ತದೆ, ಎಷ್ಟೇ ದಪ್ಪವಿರಲಿ.

ಕಾಲುಗಳನ್ನು ಅಂಟಿಸಲೇಬೇಡಿ, ಸೀಳಿನಲ್ಲಿ ಕೂರಿಸಿ. 12 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲದ ಎರಡು ಕಮಾನು ಕತ್ತರಿಸಿಕೊಳ್ಳಿ. ಒಂದೊಂದು ಕಮಾನು ಒಂದು ಜೊತೆ ಕಾಲು. ಕಮಾನಿನ ನೆತ್ತಿಯ ನಡುವಿನಿಂದ ಕೆಳಕ್ಕೆ 3 ಸೆಂ.ಮೀ. ಸೀಳು, ಆನೆಯ ಹೊಟ್ಟೆಯ ಅಂಚಿನಿಂದ ಮೇಲಕ್ಕೂ ಅಷ್ಟೇ ಉದ್ದದ ಎರಡು ಸೀಳು. ಸೀಳಿನ ಅಗಲ ರಟ್ಟಿನ ದಪ್ಪದಷ್ಟೇ ಇರಲಿ, ಹೆಚ್ಚಾದರೆ ಆನೆ ಓಲಾಡುತ್ತದೆ. ಸೊಂಡಿಲು ಭಾರವಾದ್ದರಿಂದ ಮುಂದಿನ ಕಮಾನನ್ನು ತಲೆಗೆ ಆದಷ್ಟೂ ಹತ್ತಿರ ತನ್ನಿ. ಕತ್ತರಿಸುವುದು ದೊಡ್ಡವರ ಕೆಲಸ. ಬಿಡಿಸಿ ಜೋಡಿಸುವುದನ್ನು ಪೂರ್ತಿ ಮಗುವಿಗೇ ಬಿಡಿ. ನಾಲ್ಕು ವರ್ಷದ ಮಕ್ಕಳಿಗೆ ಬಣ್ಣ ಹಚ್ಚುವುದಕ್ಕಿಂತ ಇದೇ ಹೆಚ್ಚು ಇಷ್ಟವಾಗುವುದುಂಟು.

ಪ್ರಶ್ನೆ: ಮೊಟ್ಟೆ ಟ್ರೇಯಿಂದ ಮಾಡಿದ ಕಂಬಳಿಹುಳ ಬಣ್ಣ ಹಚ್ಚುವಾಗಲೇ ಮೆತ್ತಗಾಗಿ ಹರಿಯುತ್ತದೆ.

ಉತ್ತರ: ಕಾಗದದ ತಿರುಳಿನ ಟ್ರೇ ನೀರು ಕುಡಿಯುತ್ತದೆ. ಮಕ್ಕಳೋ, ಕುಂಚವನ್ನು ಸಾರಿಸಾರಿ ನೀರಿಗೆ ಅದ್ದುತ್ತಾರೆ. ನೀರಿನ ಲೋಟವನ್ನೇ ಮೇಜಿನಿಂದ ತೆಗೆದುಬಿಡಿ. ಗಟ್ಟಿ ಪೋಸ್ಟರ್ ಬಣ್ಣವನ್ನು ಮುಚ್ಚಳದಲ್ಲಿ ಸ್ವಲ್ಪವೇ ಹಾಕಿ, ಬಣ್ಣಕ್ಕೊಂದು ಕುಂಚ ಕೊಡಿ. ತೆಳುವಾಗಿ ಒಮ್ಮೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ. ಮೀಸೆ ಸಿಕ್ಕಿಸುವ ತೂತುಗಳನ್ನು ಬಣ್ಣಕ್ಕೆ ಮೊದಲೇ, ಟ್ರೇ ಒಣಗಿರುವಾಗಲೇ ಚುಚ್ಚಿಡಿ. ಒಡೆದ ಮೊಟ್ಟೆಯ ಕಲೆಯಿರುವ ಟ್ರೇ ಮಾತ್ರ ಬೇಡವೇ ಬೇಡ. ಅದನ್ನು ತೊಳೆಯಲಾಗದು, ಹಸಿ ಮೊಟ್ಟೆಯಲ್ಲಿ ರೋಗಾಣುಗಳಿರಬಹುದು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಸಿ.

ಪ್ರಶ್ನೆ: ಪ್ಲಾಸ್ಟಿಕ್ ಬಾಟಲಿಯ ಪೆಂಗ್ವಿನ್‌ನ ಬಣ್ಣ ಸುಲಿದು ಬರುತ್ತದೆ.

ಉತ್ತರ: ನೀರಿನ ಬಣ್ಣಕ್ಕೆ ನುಣುಪು ಪ್ಲಾಸ್ಟಿಕ್ ಮೇಲೆ ಹಿಡಿತವಿಲ್ಲ. ಬಾಟಲಿ ತೊಳೆದು ಒರೆಸಿ, ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿದ ಹಳೇ ಪತ್ರಿಕೆಯ ಪಟ್ಟಿಗಳನ್ನು ಎರಡು ಪದರ ಅಂಟಿಸಿ. ಪಟ್ಟಿಗಳನ್ನು ಕತ್ತರಿಸದೆ ಕೈಯಲ್ಲಿ ಹರಿಯಿರಿ, ಹರಿದ ಅಂಚು ಚೆನ್ನಾಗಿ ಕೂರುತ್ತದೆ. ಒಳಪದರ ಒಣಗುವ ಮುನ್ನ ಬಣ್ಣ ಹಚ್ಚಿದರೆ ಬೂಷ್ಟು ಬರಬಹುದು.

ಪ್ರಶ್ನೆ: ಐದು ವರ್ಷದವನ ಜೊತೆ ಎರಡು ವರ್ಷದ ತಂಗಿಯೂ ಕೂರುತ್ತಾಳೆ. ಕಣ್ಣಿಗೆ ಗುಂಡಿ ಅಂಟಿಸಬಹುದೇ?

ಉತ್ತರ: ಬೇಡ. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದರೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಗುಂಡಿ, ಮಣಿ, ಬಾಟಲಿ ಮುಚ್ಚಳ, ಅಲ್ಲಾಡುವ ಪ್ಲಾಸ್ಟಿಕ್ ಕಣ್ಣು ಎಲ್ಲವೂ ತೂರುತ್ತವೆ. ಅಂಟಿಸಿದರೂ ಬಾಯಿಗಿಟ್ಟು ಎಳೆದಾಗ ಕಿತ್ತುಬರುತ್ತವೆ. ಕಣ್ಣನ್ನು ಅಣ್ಣನಿಂದ ದಪ್ಪ ಮಾರ್ಕರ್‌ನಲ್ಲಿ ಬರೆಸಿ, ತಂಗಿಗೆ ಪತ್ರಿಕೆ ಹರಿಯುವ ಕೆಲಸ ಕೊಡಿ.