ತಲೆ ಎಣಿಸಿ ಜಿಲ್ಲೆ ಮಾಡುವುದಾದರೆ

(ಕಳೆದ ಸಂಚಿಕೆಯ ಸ್ಪಿತಿ ಪ್ರವಾಸ ಲೇಖನ ಓದಿ ಶೃಂಗೇರಿಯ ಓದುಗರೊಬ್ಬರು, ಕಂದಾಯ ಇಲಾಖೆಯ ನಿವೃತ್ತ ಶಿರಸ್ತೇದಾರರು, ಬರೆದ ಪತ್ರದ ಸಾರ: “ಹಿಮಾಚಲದ ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ ಇರುವುದೇ 31 ಸಾವಿರ ಜನ. ಅಷ್ಟಕ್ಕೆ ಒಬ್ಬ ಡಿ.ಸಿ., ಒಬ್ಬ ಎಸ್.ಪಿ., ಸಾಲು ಸಾಲು ಇಲಾಖೆ! ಬಯಲುಸೀಮೆಯಲ್ಲಿ ಒಂದು ಹೋಬಳಿಯಲ್ಲೇ ಅಷ್ಟು ಜನ ಸಿಗುತ್ತಾರೆ, ಅದನ್ನು ಒಬ್ಬ ಉಪತಹಶೀಲ್ದಾರ ಸುಧಾರಿಸುತ್ತಾನೆ. ಈಗ ಸುರಂಗವೂ ಆಗಿದೆ. ಪಕ್ಕದ ಕುಲ್ಲೂ ಜಿಲ್ಲೆಗೆ ಸೇರಿಸಿ ದುಡ್ಡು ಉಳಿಸಬಾರದೆ? ಅಂದ ಹಾಗೆ, ಮಗ ಡಿಸೆಂಬರಿನಲ್ಲಿ ಸ್ನೇಹಿತರ ಜೊತೆ ಬೈಕಿನಲ್ಲಿ ಮನಾಲಿಯಿಂದ ಸುರಂಗದ ದಾರಿ ಹಿಡಿದು ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಹೋಗುವವನಿದ್ದಾನೆ.” – ಸಂ.)

ಮಾನ್ಯರೆ,

ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರ, ಅದು ಅವಸರದ್ದು. ಮಗನಿಗೆ ಆ ದಾರಿ ಬೇಡ ಎನ್ನಿ. ತಪ್ಪು ನಮ್ಮದು. ಲೇಖನದ ನಡುವಿನ ಚೌಕಟ್ಟಿನಲ್ಲಿ ‘ಅಟಲ್ ಸುರಂಗ ಬಂದ ಮೇಲೆ ಸ್ಪಿತಿಗೆ ವರ್ಷವಿಡೀ ರಸ್ತೆ’ ಎಂದು ಅಚ್ಚಾಗಿತ್ತು. ಲೇಖಕರು ಬರೆದದ್ದು ಲಾಹೌಲ್ ಎಂದು. ಪುಟ ಕಟ್ಟುವ ರಾತ್ರಿ, ಶೀರ್ಷಿಕೆಗೆ ಹೊಂದಲಿ ಎಂದು, ಅದನ್ನು ಸ್ಪಿತಿ ಮಾಡಿದವನು ನಾನು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಆ 9 ಕಿಲೋಮೀಟರ್ ಸುರಂಗ ರೋಹ್ತಾಂಗ್ ಘಾಟಿಯ ಅಡಿಯಲ್ಲಿ ತೂರಿ ನಮ್ಮನ್ನು ಲಾಹೌಲಿಗೆ ಬಿಡುತ್ತದೆ, ಅಷ್ಟೆ. ಸ್ಪಿತಿಗೆ ಅಲ್ಲಿಂದ ಇನ್ನೊಂದು ಘಾಟಿ ಹತ್ತಿಳಿಯಬೇಕು. ಅದರ ಹೆಸರು ಕುಂಜುಮ್. ಎತ್ತರ ಸುಮಾರು 15 ಸಾವಿರ ಅಡಿ, ಚಳಿಗಾಲವಿಡೀ ಹಿಮದಡಿ ಬಂದ್. ಡಿಸೆಂಬರಿನಲ್ಲಿ ಕಾಜಾಕ್ಕೆ ಹೋಗುವವರು ಶಿಮ್ಲಾ, ರಾಂಪುರ, ಕಿನ್ನೌರ್ ಮೇಲೆ ಸುತ್ತು ಹಾಕುತ್ತಾರೆ. ಅದೂ ಗುಡ್ಡ ಜರಿಯದಿದ್ದರೆ. ಬೈಕಂತೂ ಬೇಡವೇ ಬೇಡ.

ಇನ್ನು ನಿಮ್ಮ ವಾದ. ಲೆಕ್ಕ ಸರಿಯಾಗಿದೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನ 31,564. ಅದರ ಹತ್ತು ವರ್ಷ ಹಿಂದೆ 33,224 ಇತ್ತು, ಅಂದರೆ ಇಳಿದಿದೆ. ಆ ಹೊತ್ತಿಗೆ ಬೆಂಗಳೂರು ಪಾಲಿಕೆಯ ಒಂದೊಂದು ವಾರ್ಡಿನಲ್ಲೇ ಸರಾಸರಿ 40 ಸಾವಿರದ ಮೇಲೆ ಜನರಿದ್ದರು. ಇದೇ ಕಡಿಮೆ ಎಂದುಕೊಳ್ಳಬೇಡಿ, ಅರುಣಾಚಲದ ದಿಬಾಂಗ್ ವ್ಯಾಲಿ ಜಿಲ್ಲೆಯಲ್ಲಿ ಆಗ ಇದ್ದವರು 8,004 ಮಂದಿ. ನೀವು ಬಿಟ್ಟ ಅಂಕಿ ಇನ್ನೊಂದಿದೆ: ವಿಸ್ತೀರ್ಣ. ಲಾಹೌಲ್–ಸ್ಪಿತಿ 13 ಸಾವಿರದ ಎಂಟುನೂರು ಚದರ ಕಿಲೋಮೀಟರಿಗೂ ಮಿಕ್ಕಿದ್ದು, ಹಿಮಾಚಲದ ಸುಮಾರು ಕಾಲು ಭಾಗ. ನಮ್ಮ ಕೊಡಗಿನಂಥ ಮೂರು ಜಿಲ್ಲೆ ಅದರೊಳಗೆ ಕೂತು ಇನ್ನೂ ಜಾಗ ಮಿಗುತ್ತದೆ. ಕರ್ನಾಟಕದಲ್ಲಿ ಅತಿ ವಿರಳ ಜನವಸತಿಯ ಜಿಲ್ಲೆ ಎಂದರೆ ಕೊಡಗೇ. ಅಲ್ಲಿ ಚದರ ಕಿಲೋಮೀಟರಿಗೆ 135 ಜನ, ಇಲ್ಲಿ ಇಬ್ಬರು.

‘ಕುಲ್ಲೂಗೆ ಸೇರಿಸಿ’ ಎಂದಿರಿ. ಸೇರಿಸಿಯೇ ಇಟ್ಟಿದ್ದರು. ಪಂಜಾಬಿನ ಕಾಂಗ್ಡಾ ಜಿಲ್ಲೆ, ಅದರೊಳಗೆ ಕುಲ್ಲೂ ಉಪವಿಭಾಗ, ಅದರ ಬಾಲದಲ್ಲಿ ಲಾಹೌಲ್ ಮತ್ತು ಸ್ಪಿತಿ. ಡಿ.ಸಿ. ಕೂರುತ್ತಿದ್ದದ್ದು ದೂರದ ಧರ್ಮಶಾಲಾದಲ್ಲಿ. ಬ್ರಿಟಿಷರಿಗೂ ಆ ದೂರ ಗೊತ್ತಿತ್ತು. ಹಾಗಾಗಿಯೇ 1873ರಲ್ಲಿ ಸ್ಪಿತಿಗೆಂದೇ ಒಂದು ಪ್ರತ್ಯೇಕ ರೆಗ್ಯುಲೇಶನ್ ಮಾಡಿ, ಅಲ್ಲಿನ ‘ನೋನೋ’ ಎಂಬ ಸ್ಥಳೀಯ ಮುಖ್ಯಸ್ಥನ ಕೈಗೆ ಸಣ್ಣಪುಟ್ಟ ನ್ಯಾಯದ ಅಧಿಕಾರ ಕೊಟ್ಟು ಕೈತೊಳೆದುಕೊಂಡರು. ಪ್ರತ್ಯೇಕ ಜಿಲ್ಲೆಯಾದದ್ದು 1960ರಲ್ಲಿ, ಹಿಮಾಚಲಕ್ಕೆ ಸೇರಿದ್ದು 1966ರಲ್ಲಿ. ಆ 1960ನ್ನು ಗಮನಿಸಿ. ಕಿನ್ನೌರ್, ಉತ್ತರಕಾಶಿ, ಚಮೋಲಿ, ಪಿಥೋರಾಗಢ ಜಿಲ್ಲೆಗಳೂ ಅದೇ ವರ್ಷದವು. ಎಲ್ಲವೂ ಟಿಬೆಟ್ ಗಡಿಯವು, ಚೀನಾದ ಜೊತೆ ಮನಸ್ತಾಪ ಏರುತ್ತಿದ್ದ ಕಾಲ. ಗಡಿ ಹಳ್ಳಿಗಳ ಮೇಲೆ ಸರ್ಕಾರಕ್ಕೆ ಒಮ್ಮೆಲೇ ಅಕ್ಕರೆ ಉಕ್ಕಿದ್ದು ಬರೀ ಕನಿಕರದಿಂದ ಎಂದು ನಾನೇನೂ ವಾದಿಸುವುದಿಲ್ಲ. ಆದರೆ ಕಾರಣ ಏನೇ ಇರಲಿ, ಜನರಿಗೆ ಕಚೇರಿ ಸಿಕ್ಕಿತು.

ಸಿಕ್ಕಿತು ಎಂದರೆ ಅರ್ಧ ಮಾತ್ರ. ಜಿಲ್ಲಾ ಕೇಂದ್ರ ಕೇಲಾಂಗ್ ಇರುವುದು ಲಾಹೌಲಿನಲ್ಲಿ. ಕುಂಜುಮ್ ಮುಚ್ಚಿದರೆ ಕಾಜಾದವನು ತನ್ನದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಕನಿಷ್ಠ ಮೂರು ಬೇರೆ ಜಿಲ್ಲೆ ಹಾದು, ಬೆಟ್ಟಸಾಲನ್ನೇ ಬಳಸಿ, ಮನಾಲಿ ಕಡೆಯಿಂದ ಸುರಂಗ ಹೊಕ್ಕು ಬರಬೇಕು. ಒಂದು ಜಾತಿ ಪ್ರಮಾಣಪತ್ರಕ್ಕೆ ಹಾಗೆ ಅಲೆಯುವುದನ್ನು ಊಹಿಸಿಕೊಳ್ಳಿ. ಅದಕ್ಕೇ ಕಾಜಾದಲ್ಲಿ ಒಬ್ಬ ಅಪರ ಡಿ.ಸಿ. ಕೂತಿರುತ್ತಾರೆ, ಅಲ್ಲಿನ ಇಲಾಖೆಗಳೆಲ್ಲ ಅವರ ಕೈಕೆಳಗೆ. ಕೃಷಿ, ರಸ್ತೆ, ಶಾಲೆ ಯಾವ ಕಡತವಾದರೂ ಒಂದೇ ಮೇಜಿಗೆ ಬರುತ್ತದೆ. ‘ಸಿಂಗಲ್ ಲೈನ್’ ಆಡಳಿತ ಎನ್ನುತ್ತಾರೆ. ‘ಸಾಲು ಸಾಲು ಇಲಾಖೆ’ಯ ಬಗ್ಗೆ ನಿಮಗಿರುವ ಸಿಟ್ಟು ಅಲ್ಲಿನವರಿಗೂ ಬಂದಿತ್ತೆಂದು ಕಾಣುತ್ತದೆ. ಅವರು ಕಚೇರಿ ಮುಚ್ಚಲಿಲ್ಲ, ಮೇಜು ಕಡಿಮೆ ಮಾಡಿದರು.

ನಾನು ಅಲ್ಲಿಗೆ ಹೋದದ್ದು ಒಂದೇ ಸಲ, ಜುಲೈ ತಿಂಗಳಲ್ಲಿ. ಕಣ್ಣಿಗೆ ಕಟ್ಟಿದ್ದು ಗೊಂಪಾ ಎನ್ನುವ ಬೌದ್ಧ ಮಠಗಳಿಗಿಂತ ಮನೆಗಳ ಮಾಡು. ಚಪ್ಪಟೆ ಮಣ್ಣಿನ ಮಾಡಿನ ಸುತ್ತ ಅಂಚಿಗೆ ಒಣ ಪುಳ್ಳೆ, ಸೌದೆ, ಮೇವು ಒಟ್ಟಿರುತ್ತಾರೆ, ನಿಮ್ಮ ಕಡೆ ಮಳೆಗಾಲಕ್ಕೆ ಕೊಟ್ಟಿಗೆಯ ಅಟ್ಟದಲ್ಲಿ ಒಟ್ಟುವ ಹಾಗೆ. ನಮ್ಮದು ಮೂರು ನಾಲ್ಕು ತಿಂಗಳ ಗಂಟು, ಅವರದು ಆರು ತಿಂಗಳದ್ದು. ಹೊಲದಲ್ಲಿ ವರ್ಷಕ್ಕೆ ಒಂದೇ ಬೆಳೆ: ಬಾರ್ಲಿ, ಈಗೀಗ ದುಡ್ಡಿಗಾಗಿ ಹಸಿ ಬಟಾಣಿ. ಬಟಾಣಿ ಕೊಯ್ಲಿನ ವಾರದಲ್ಲಿ ರಸ್ತೆ ಜರಿದರೆ ಆ ವರ್ಷದ ಗಳಿಕೆ ಚೀಲದಲ್ಲೇ ಬಾಡುತ್ತದೆ. ಹಾಗಾಗಿ ಅಲ್ಲಿನ ಆಡಳಿತ ಎಂದರೆ ಮುಕ್ಕಾಲು ಪಾಲು ರಸ್ತೆಯೇ. ಕಿಬ್ಬರ್ ಮತ್ತು ಚಿಚಮ್ ಹಳ್ಳಿಗಳ ನಡುವೆ ಆಳದ ಕೊರಕಲೊಂದಿದೆ. 2017ರಲ್ಲಿ ಸೇತುವೆ ಆಗುವ ತನಕ ಜನ ಹಗ್ಗದ ತೊಟ್ಟಿಲಲ್ಲಿ ಕೂತು ಅದನ್ನು ದಾಟುತ್ತಿದ್ದರು. ಸೇತುವೆಯ ಮೇಲೆ ನಿಂತು ಕೆಳಗೆ ಇಣುಕಿದೆ, ಎರಡನೇ ಸಲ ಇಣುಕಲಿಲ್ಲ.

ಸುರಂಗಕ್ಕೆ ಮುಂಚೆ ಲಾಹೌಲಿನ ಪಾಡೂ ಬೇರೆಯೇನಲ್ಲ. ರೋಹ್ತಾಂಗ್ ಮುಚ್ಚಿದ ಮೇಲೆ ಹೊರಗೆ ಹೋಗಲು ಸರ್ಕಾರದ ಹೆಲಿಕಾಪ್ಟರಿಗೆ ಹೆಸರು ಬರೆಸಿ ಕಾಯಬೇಕಿತ್ತು. ಮೋಡ ಕವಿದರೆ ಹಾರಾಟ ರದ್ದು, ಪಟ್ಟಿ ಮರುದಿನಕ್ಕೆ. ಅನುಕೂಲಸ್ಥ ಲಾಹೌಲಿಗಳು ಕುಲ್ಲೂ ಕಡೆ ಜಮೀನು, ಮನೆ ಮಾಡಿಕೊಂಡು ಚಳಿಗಾಲ ಅಲ್ಲೇ ಕಳೆಯುತ್ತಾರೆ. ಜನ ಕಡಿಮೆ, ಅದಕ್ಕೇ ಕಚೇರಿ ಬೇಡ ಎನ್ನುತ್ತೀರಿ. ನನಗೆ ಕಾಣುವುದು ತಿರುವುಮುರುವು: ಶಾಲೆ, ಆಸ್ಪತ್ರೆ, ಕಚೇರಿ ಘಾಟಿಯ ಆಚೆಗೇ ಉಳಿದರೆ ಇರುವವರೂ ಇಳಿದುಹೋಗುತ್ತಾರೆ.

ಖರ್ಚು ಜಾಸ್ತಿ ಎನ್ನುವುದನ್ನು ಒಪ್ಪುತ್ತೇನೆ, ತಲೆಗೆ ಇಷ್ಟು ಎಂದು ಹಾಕಿದರೆ ಕಣ್ಣು ಕುಕ್ಕುವ ಮೊತ್ತವೇ ಬರುತ್ತದೆ. ಆದರೆ ಸ್ಪಿತಿಯ ಟಶಿಗಂಗ್ ಎಂಬಲ್ಲಿ, 15,256 ಅಡಿ ಎತ್ತರದಲ್ಲಿ, ಒಂದು ಮತಗಟ್ಟೆ ಇದೆ. 2022ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿದ್ದ ಮತದಾರರು 52, ನವೆಂಬರಿನ ಆ ಚಳಿಯಲ್ಲಿ ವೋಟು ಹಾಕಿದವರು 51. ಅಷ್ಟು ಮತಕ್ಕಾಗಿ ಯಂತ್ರ ಹೊತ್ತು ಹತ್ತುವುದು ದಂಡವೇ? ಚುನಾವಣಾ ಕರ್ತವ್ಯಕ್ಕೆ ಹೋಗಿ ಬಂದ ನಿಮಗೆ ಆ ಪ್ರಶ್ನೆಯನ್ನು ನಾನು ಕೇಳಬೇಕಾಗಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಶೃಂಗೇರಿಯೇ ಜನಸಂಖ್ಯೆಯಲ್ಲಿ ರಾಜ್ಯದ ಅತಿ ಚಿಕ್ಕ ತಾಲೂಕುಗಳಲ್ಲೊಂದು. ನಾಳೆ ಯಾರಾದರೂ ನಿಮ್ಮ ಲೆಕ್ಕವನ್ನೇ ಹಿಡಿದು ಅದನ್ನು ಕೊಪ್ಪಕ್ಕೆ ಸೇರಿಸಿ ಎಂದರೆ ತಹಶೀಲ್ದಾರರ ಕಚೇರಿ ಮುಂದೆ ಮೊದಲು ಶಾಮಿಯಾನ ಹಾಕಿಸುವವರು ನೀವೇ ಎಂದು ನನ್ನ ಗುಮಾನಿ.

ನಿಮ್ಮಿಂದ ಒಂದು ಬರಹ ಬೇಕು. ಆಷಾಢದಲ್ಲಿ ತುಂಗೆ ಉಕ್ಕಿ, ಮರ ಬಿದ್ದು, ರಸ್ತೆ ಕಟ್ಟಾದ ದಿನಗಳಲ್ಲಿ ನಿಮ್ಮ ಕಚೇರಿಯ ತಪಾಲು ಚಿಕ್ಕಮಗಳೂರಿಗೆ ಹೇಗೆ ಹೋಗುತ್ತಿತ್ತು, ಯಾರು ಒಯ್ಯುತ್ತಿದ್ದರು, ಜಮಾಬಂದಿ ಹೊತ್ತಿಗೆ ತಲುಪದಿದ್ದರೆ ಮೇಲಿನವರು ಏನೆನ್ನುತ್ತಿದ್ದರು, ಎಲ್ಲ ಬರೆಯಿರಿ. ಮೂರು ಪುಟ ಸಾಕು. ಮಗ ದಾರಿ ಬದಲಿಸಿದನೇ ಎಂದು ಅದಕ್ಕೂ ಮೊದಲು ಒಂದು ಕಾರ್ಡು ಹಾಕಿ.

– ಸಂಪಾದಕ